ಗಡಸು ಬೇರೆ, ಗಟ್ಟಿ ಬೇರೆ

ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಭೌತಶಾಸ್ತ್ರದವರಿಗೆ ನೆಲಮಾಳಿಗೆ, ಲೋಹ ಕಾಯಿಸಿ ಬಗ್ಗಿಸಿ ನೋಡುವ ವಸ್ತುವಿಜ್ಞಾನದವರಿಗೆ ಅದರ ಮೇಲಿನ ಅಂತಸ್ತು, ವೈದ್ಯಕೀಯದವರಿಗೆ ಅದಕ್ಕೂ ಮೇಲೆ. ಅರ್ಥಶಾಸ್ತ್ರದವರು ಎಲ್ಲರ ತಲೆಯ ಮೇಲೆ ಕೂತಿದ್ದರು. ಇವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಲಿಫ್ಟಿನಲ್ಲಿ ಮಾತ್ರ. ಆದರೆ ಎಲ್ಲರ ಬರಹವೂ ಕೊನೆಗೆ ಬಂದು ಬೀಳುತ್ತಿದ್ದದ್ದು ಸೈಕಲ್ ಸ್ಟ್ಯಾಂಡಿನ ಪಕ್ಕದ ನಮ್ಮ ಕೋಣೆಗೆ. ಅಲ್ಲಿ ಎರಡು ಮೇಜು, ಒಂದು ಫ್ಯಾನು. ಒಂದು ಮೇಜಿನಲ್ಲಿ ಟೈಪ್ ಮಾಡುವ ನಾನು. ಇನ್ನೊಂದರಲ್ಲಿ, ಸಂಸ್ಥೆಯ ಪತ್ರಿಕೆಗೆ ಬಂದ ಲೇಖನಗಳ ಭಾಷೆ ತಿದ್ದುವ ಪರ್ಯಾಯ ಮೇಷ್ಟ್ರು.

ಅವರು ಮೊದಲು ಹೈಸ್ಕೂಲಿನಲ್ಲಿ ಭಾಷಾ ಮೇಷ್ಟ್ರಾಗಿದ್ದವರು. ಒಂದು ಪದ ಒಂದೇ ಪುಟದಲ್ಲಿ ಮತ್ತೆ ಕಂಡರೆ ಅವರಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಅದನ್ನು ಹೊಡೆದು, ಅದರ ಜಾಗದಲ್ಲಿ ಅದೇ ಅರ್ಥದ ಬೇರೆ ಪದ ಕೂರಿಸಿದರೇನೇ ಸಮಾಧಾನ. 'ಪರ್ಯಾಯ' ಎಂಬ ಹೆಸರು ಬಂದದ್ದೇ ಹಾಗೆ. ಮನೆಯಲ್ಲೂ ಅದೇ ಕಥೆಯಂತೆ. "ನಿನ್ನೆ ಉಪ್ಪು ಕೊಡು ಅಂದ್ರು, ಇವತ್ತು ಲವಣ ಅಂತಾರೆ. ನಾನೇನು ಔಷಧಿ ಅಂಗಡಿ ಇಟ್ಟಿದೀನಾ ಅಕ್ಕ?" ಎಂದು ಅವರ ಹೆಂಡತಿ ನನ್ನ ಹತ್ತಿರ ಗೋಳಾಡುತ್ತಿದ್ದರು.

ಒಮ್ಮೆ ಅರ್ಥಶಾಸ್ತ್ರದವರ ಲೇಖನವೊಂದರಲ್ಲಿ 'ಬೇಡಿಕೆ' ಸಾಲುಸಾಲಿಗೂ ಬಂದಿತ್ತು. ಮೇಷ್ಟ್ರು ಅರ್ಧದಷ್ಟನ್ನು 'ಬಯಕೆ' ಮಾಡಿಬಿಟ್ಟರು. 'ಮಾರುಕಟ್ಟೆಯಲ್ಲಿ ಉಕ್ಕಿನ ಬಯಕೆ ಹೆಚ್ಚಿದೆ' ಎಂದಾಯಿತು. ಬರೆದವರು ಇಳಿದು ಬಂದು, "ಸ್ವಾಮಿ, ಮಾರುಕಟ್ಟೆಗೆ ಈಗ ಎಷ್ಟು ತಿಂಗಳು?" ಎಂದು ಕೇಳಿ ನಕ್ಕು, ಸರಿ ಮಾಡಿಸಿಕೊಂಡು ಹೋದರು. ಭೌತಶಾಸ್ತ್ರದವರಿಗೆ ನಗೆ ಕಡಿಮೆ. 'ಬಲ' ಇದ್ದಲ್ಲಿ 'ಶಕ್ತಿ' ಕಂಡರೆ ಪುಟದ ಅಂಚಿನಲ್ಲಿ ಬೈಗುಳವನ್ನೇ ಬರೆದು ಕಳಿಸುತ್ತಿದ್ದರು. ಮೇಷ್ಟ್ರು ಯಾವುದನ್ನೂ ಕಿವಿಯ ಮೇಲೆ ಹಾಕಿಕೊಂಡವರಲ್ಲ. "ವಿಜ್ಞಾನ ಅವ್ರದ್ದು, ಭಾಷೆ ನಂದು" ಎನ್ನುತ್ತಿದ್ದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆದರೂ ಏನೂ ಅನಾಹುತ ಆಗದೆ ಉಳಿದದ್ದು ಒಂದೇ ಕಾರಣಕ್ಕೆ: ಅಚ್ಚಿಗೆ ಹೋಗುವ ಮುಂಚೆ ಬರೆದವರೇ ಕೊನೆಯ ಪ್ರತಿ ಓದಿ ಸಹಿ ಹಾಕಬೇಕು. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಓದುತ್ತಿದ್ದರು.

ಓದದೆ ಸಹಿ ಹಾಕಿದವಳು ಅವರ ಶಿಷ್ಯೆ.

ಆ ಹುಡುಗಿ ಹೈಸ್ಕೂಲಿನಲ್ಲಿ ಅವರ ಕೈಕೆಳಗೆ ಓದಿದವಳು. ಈಗ ವಸ್ತುವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮುರಿದ ಮೂಳೆ ಜೋಡಿಸಲು ಒಳಗೆ ಹಾಕುವ ಸ್ಕ್ರೂಗಳಿಗಾಗಿ ಹೊಸದೊಂದು ಮಿಶ್ರಲೋಹ ಮಾಡಿದ್ದಳು. ಲೇಖನ ಅಚ್ಚಾಗಬೇಕು, ಸಂಸ್ಥೆಯ ಪರಿಶೀಲನಾ ಸಮಿತಿಯ ಮುಂದೆ ಅದನ್ನು ವಿವರಿಸಬೇಕು, ಸಮಿತಿ ಒಪ್ಪಿದರೆ ಆಸ್ಪತ್ರೆಯಲ್ಲಿ ಪರೀಕ್ಷೆ. ಒಪ್ಪದಿದ್ದರೆ ಅವಳ ಇಷ್ಟು ವರ್ಷದ ದುಡಿಮೆ ಅಲ್ಲಿಗೇ ನಿಂತಂತೆ. ಕೊನೆಯ ಪ್ರತಿ ಮುಂದಿಟ್ಟಾಗ ಅವಳು ಪೆನ್ನು ತೆಗೆದು, "ನೀವು ತಿದ್ದಿದ ಮೇಲೆ ನಾನು ನೋಡೋದೇನಿದೆ ಸಾರ್?" ಎಂದು ಸಹಿ ಹಾಕಿಯೇಬಿಟ್ಟಳು. ಮೇಷ್ಟ್ರ ಕಾಲು ಆ ದಿನವೆಲ್ಲ ನೆಲದ ಮೇಲೆ ನಿಲ್ಲಲಿಲ್ಲ.

ಸಮಿತಿ ಸೇರಿದ ಬೆಳಗ್ಗೆ ನಮ್ಮಿಬ್ಬರನ್ನೂ ಅವಳೇ ಬಂದು ಕರೆದಳು. ಹಿಂದಿನ ಸಾಲಿನಲ್ಲಿ ಕೂತೆವು. ಸಮಿತಿಯ ಅಧ್ಯಕ್ಷರು ಮೂಳೆ ಡಾಕ್ಟರು. ನಾಲ್ಕೂ ವಿಭಾಗದವರು ಸೇರಿದ್ದರಿಂದ ಹುಡುಗಿ ಎಲ್ಲರಿಗೂ ತಿಳಿಯುವ ಹಾಗೆ ಶುರು ಮಾಡಿದಳು. "ಗಡಸು ಬೇರೆ, ಗಟ್ಟಿ ಬೇರೆ. ಗಾಜಿನ ಮೇಲೆ ಸುಲಭಕ್ಕೆ ಗೀರು ಬೀಳಲ್ಲ, ಅದು ಗಡಸು. ಆದ್ರೆ ಕೈ ಜಾರಿದ್ರೆ ಚೂರಾಗತ್ತೆ, ಅದಕ್ಕೆ ಗಟ್ಟಿತನ ಇಲ್ಲ. ಲೋಹದ ಗಡಸುತನ ಹೆಚ್ಚಿಸ್ತಾ ಹೋದ್ರೆ ಅದೂ ಗಾಜಿನ ಹಾಗೇ ಆಗತ್ತೆ. ಅದಕ್ಕೇ ನಾನು ಗಡಸುತನ ಸ್ವಲ್ಪ ತಗ್ಗಿಸಿ ಗಟ್ಟಿತನ ಉಳಿಸ್ಕೊಂಡೆ."

ಪಕ್ಕದಲ್ಲಿ ಮೇಷ್ಟ್ರ ಕಾಲು ಅಲ್ಲಾಡುವುದು ನಿಂತಿತು. ತಿರುಗಿ ನೋಡಿದೆ. ತೊಡೆಯ ಮೇಲೆ ತೆರೆದಿಟ್ಟಿದ್ದ ಪತ್ರಿಕೆಯನ್ನು ಅವರು ಮುಚ್ಚುತ್ತಿದ್ದರು. ಅವಳ ಲೇಖನದಲ್ಲಿ 'ಗಡಸುತನ' ಪದೇಪದೇ ಬರುತ್ತದೆಂದು ಅವರು ಅಲ್ಲಲ್ಲಿ 'ಗಟ್ಟಿತನ' ಹಾಕಿದ್ದು, ಅದನ್ನು ನಾನು ಟೈಪ್ ಮಾಡಿದ್ದು, ಎರಡೂ ಆಗ ನನ್ನ ತಲೆಗೆ ಹೊಳೆಯಿತು.

ಮೂಳೆ ಡಾಕ್ಟರು ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದರು. "'ಆದ್ದರಿಂದ ನಾವು ಲೋಹದ ಗಟ್ಟಿತನವನ್ನು ತಗ್ಗಿಸಿದೆವು.' ಏನಮ್ಮ ಇದು? ಮೂಳೆಗೆ ಹಾಕೋ ಸ್ಕ್ರೂನ ಬೇಕಂತಲೇ ಮುರಿಯೋ ಹಾಗೆ ಮಾಡಿದೀಯಾ?"

ಸಭೆ ನಕ್ಕಿತು. ಹುಡುಗಿ ತನ್ನ ಪ್ರತಿ ತೆರೆದು ನೋಡಿದಳು. ಒಂದು ಪುಟ, ಇನ್ನೊಂದು ಪುಟ. ತಲೆ ಎತ್ತಿ ಹಿಂದಿನ ಸಾಲಿನ ಕಡೆ ಒಮ್ಮೆ ನೋಡಿದಳು.

ನಾನು ಮೊಣಕೈಯಿಂದ ತಿವಿದು, "ಏಳಿ ಮೇಷ್ಟ್ರೇ, ಹೇಳಿ" ಎಂದೆ. ಮೇಷ್ಟ್ರು ಬಗ್ಗಿ ಕುರ್ಚಿಯ ಕೆಳಗೆ ಕನ್ನಡಕ ಹುಡುಕತೊಡಗಿದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ತಪ್ಪಾಗಿದೆ ಸಾರ್. ಅಲ್ಲೆಲ್ಲ ಗಡಸುತನ ಅಂತಿರಬೇಕು. ನಾನು ಸರಿಯಾಗಿ ನೋಡಬೇಕಿತ್ತು" ಎಂದಳು ಹುಡುಗಿ.

"ಒಂದು ಕಡೆ ಆದ್ರೆ ಕೈತಪ್ಪು ಅನ್ನಬಹುದು. ಲೇಖನದ ಉದ್ದಕ್ಕೂ ಹೀಗೇ ಇದೆ. ತಾನು ಅಳೆದದ್ದು ಏನು ಅಂತ ತನಗೇ ಗೊತ್ತಿಲ್ದವರನ್ನ ನಂಬಿ ನಾನು ರೋಗಿಗಳ ಮೈಗೆ ಕೈ ಹಾಕಲಾ?" ಎಂದು ಡಾಕ್ಟರು ಪತ್ರಿಕೆ ಮಡಿಚಿಟ್ಟರು. ಆಸ್ಪತ್ರೆಯ ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ.

ಕೋಣೆಗೆ ಬಂದ ಮೇಲೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ನೆಲ ನೋಡುತ್ತ, "ಅವಳ ಹತ್ರ ಹೋಗ್ಬೇಕು. ಒಬ್ಬನೇ ಹೋಗಕ್ಕೆ ಮುಖ ಇಲ್ಲ. ನೀವೂ ಬನ್ನಿ" ಎಂದರು.

ಹುಡುಗಿ ಕುಲುಮೆಯ ಪಕ್ಕದಲ್ಲಿ ನಿಂತು ಲೋಹದ ತುಂಡುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮೇಷ್ಟ್ರನ್ನು ಕಂಡು ಅಭ್ಯಾಸದಂತೆ ಕುರ್ಚಿ ಎಳೆದು ಹಾಕಿದಳು. ಅವರು ಕೂರಲಿಲ್ಲ.

"ನನ್ನಿಂದ ಆದದ್ದಮ್ಮ. ಎರಡೂ ಒಂದೇ ಅಂದ್ಕೊಂಡಿದ್ದೆ. ಆ ಪದ..."

"ಪದದ್ದು ಬಿಡಿ ಸಾರ್. ಓದದೆ ಸಹಿ ಹಾಕಿದ್ದು ನಾನು, ಅನುಭವಿಸ್ತೀನಿ." ಡಬ್ಬಿಯ ಮುಚ್ಚಳ ಹಾಕಿ ಅವರ ಕಡೆ ತಿರುಗಿದಳು. "ಎಲ್ಲರೂ ನಗ್ತಿದ್ದಾಗ ನಾನು ನಿಮ್ಮನ್ನ ನೋಡ್ದೆ. ನೀವು ಬಗ್ಗಿಬಿಟ್ರಿ."

ಮೇಷ್ಟ್ರು ಪಾಠ ಹೇಳಿ, ತಿದ್ದಿ, ಬೈದು ಬೆಳೆಸಿದ ಹುಡುಗಿಯ ಮುಂದೆ ಕೈಕಟ್ಟಿ ನಿಂತಿದ್ದರು. ಅಷ್ಟು ಹೊತ್ತು ಸಿಟ್ಟಿನಲ್ಲಿ ಕುದಿಯುತ್ತಿದ್ದ ನನಗೂ ಅವರನ್ನು ನೋಡಲಾಗದೆ, ಕುಲುಮೆಯ ಬಾಗಿಲಿನ ಕಡೆ ಮುಖ ಮಾಡಿದೆ. ನಾಚಿಕೆ ಎಂಬುದು ಪಕ್ಕದಲ್ಲಿ ನಿಂತವರನ್ನೂ ಬಿಡುವುದಿಲ್ಲ.

ಅಲ್ಲಿಂದ ಅವರು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಮೂಳೆ ಡಾಕ್ಟರ ಕೋಣೆಗೇ ಹೋದರು; ನಾನು ಬಾಗಿಲ ಹೊರಗೆ ನಿಂತೆ. ಎಲ್ಲವನ್ನೂ ಬಿಚ್ಚಿ ಹೇಳಿದರು. ಚೀಲದಲ್ಲಿ ತಂದಿದ್ದ ಅವಳ ಮೂಲ ಪ್ರತಿ, ತಾವು ಗೀಚಿದ ಪ್ರತಿ, ಎರಡನ್ನೂ ಮುಂದಿಟ್ಟರು. ಡಾಕ್ಟರು ಅಕ್ಕಪಕ್ಕ ಇಟ್ಟು ನೋಡಿ, "ಸಭೆಯಲ್ಲೇ ಎದ್ದು ಹೇಳಿದ್ರೆ ಅರ್ಧ ನಿಮಿಷದ ಮಾತಿತ್ತಲ್ರೀ. ಆ ಮಗೂನ ನಾಲ್ಕು ಜನರ ಮುಂದೆ ನನ್ನ ಕೈಲಿ ಯಾಕ್ರೀ ಬೈಸಿದ್ರಿ?" ಎಂದರಂತೆ. ಹೊರಗೆ ಬಂದು ಮೇಷ್ಟ್ರು ನನಗಿದನ್ನು ಹೇಳುವಾಗ, ಬೈಸಿಕೊಂಡದ್ದು ಇನ್ನೂ ಸಾಲದು ಎಂಬಂತಿತ್ತು ಅವರ ದನಿ.

ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ತಪ್ಪು ಯಾರದೆಂಬುದರ ಸಮೇತ. ಸಮಿತಿ ಮತ್ತೆ ಸೇರಿ ಒಪ್ಪಿಗೆ ಕೊಟ್ಟಿತು. ಹುಡುಗಿಯ ಸ್ಕ್ರೂಗಳು ಪರೀಕ್ಷೆಗೆಂದು ಮೇಲಿನ ವೈದ್ಯಕೀಯದವರ ಅಂತಸ್ತಿಗೆ ಹೋದವು. ಅವಳು ಲಿಫ್ಟಿನ ಹತ್ತಿರ ಸಿಕ್ಕಾಗ ಮೇಷ್ಟ್ರಿಗೆ ಮೊದಲಿನ ಹಾಗೇ ನಮಸ್ಕಾರ ಹೇಳುತ್ತಿದ್ದಳು. ಎಲ್ಲ ಸರಿಹೋಯಿತು ಎಂದೇ ನಾನು ಅಂದುಕೊಂಡಿದ್ದೆ.

ಆಸ್ಪತ್ರೆಯ ಫಲಿತಾಂಶದ ಲೇಖನ ತಯಾರಾಯಿತು. ಮೇಷ್ಟ್ರು ಅದರಲ್ಲಿ ಕಾಗುಣಿತದ ತಪ್ಪು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಕೊನೆಯ ಪ್ರತಿ ಕೊಟ್ಟಾಗ ಹುಡುಗಿ ನಿಂತೇ ಇದ್ದಳು.

"ಇಲ್ಲೇ ಕೂತು ಓದ್ಲಾ ಸಾರ್?"

"ಓದಮ್ಮ."

ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಮೇಷ್ಟ್ರು ಎದುರಿಗೆ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ, ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ನನಗೆ ಟೈಪ್ ಮಾಡಲೂ ಆಗಲಿಲ್ಲ. ಕೊನೆಯ ಪುಟ ಮುಗಿಯಿತು. ಅವಳು ಪೆನ್ನು ತೆಗೆದಳು.

"ಎಲ್ಲ ಸರಿ ಇದೆ ಅಲ್ವಾ?" ಎಂದರು ಮೇಷ್ಟ್ರು.

"ಸರಿ ಇದೆ ಸಾರ್" ಎಂದಳು. ಪೆನ್ನು ಕಾಗದದ ಮೇಲೆ ಒಂದು ಗಳಿಗೆ ನಿಂತಿತು. "ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಮೊದಲ ಪುಟಕ್ಕೆ ತಿರುಗಿಸಿದಳು.