ಬಾಣಂತಿ ಬಾರದ ಅರ್ಜಿ

ಮುರಳಿ ಬದ್ರುನ್ನೀಸಾರನ್ನು ಮೊದಲು ಕಂಡದ್ದು ಒಂದು ಸೋಮವಾರ, ಹನ್ನೊಂದರ ಹೊತ್ತಿಗೆ. ಶಿವಾಜಿನಗರದ ಕಚೇರಿಯಲ್ಲಿ, ಬಾಣಂತಿಯರಿಗೆ ಪಾಲಿಕೆ ಕೊಡುವ ಸಹಾಯಧನದ ಮೇಜಿಗೆ ಅವನು ಗುಮಾಸ್ತನಾಗಿ ಬಂದು ಎಂಟು ದಿನವಾಗಿತ್ತಷ್ಟೆ. ಅರವತ್ತು ದಾಟಿದ ಹೆಂಗಸು. ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿದ್ದರು, ಕೈಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ತರಕಾರಿ ಚೀಲದಿಂದ ತಾಯಿ ಕಾರ್ಡು, ಆಧಾರ್, ಪಾಸ್‌ಬುಕ್ಕು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರಲ್ಲೂ ಅವರ ಹೆಸರಿಲ್ಲ. ಎಲ್ಲವೂ ಅಲಿಯಾ ಎಂಬ ಹುಡುಗಿಯವು.

"ನೀವು ಇವರಿಗೆ ಏನಾಗ್ಬೇಕಮ್ಮಾ?"

"ಏನೂ ಆಗ್ಬೇಕಿಲ್ಲ ಸಾರ್. ಕೂಸಿಗೆ ನೀರು ಹಾಕೋಳು ನಾನು."

ಅತ್ತೆಯಲ್ಲ, ಅಮ್ಮನಲ್ಲ. ಹಾಗಾದರೆ ಬ್ರೋಕರ್ ಎಂದುಕೊಂಡ ಮುರಳಿ, ದುಡ್ಡು ತಗೊಳ್ತೀರಾ ಎಂದು ಕೇಳಿಯೂಬಿಟ್ಟ.

"ಎಣ್ಣೆ ನೀರಿಗೆ ತಗೊಳ್ತೀನಿ ಬೇಟಾ. ಹಿಂಗೆ ನಿಲ್ಲೋದಕ್ಕೆ ನೀನು ಕೊಡ್ತೀಯಾ?"

ಸಾಲಿನಲ್ಲಿದ್ದವರು ನಕ್ಕರು. ಹೆರಿಗೆಯಾದ ಮೂವತ್ತು ದಿನದೊಳಗೆ ತಾಯಿ ಸಿಬ್ಬಂದಿಯ ಎದುರು ಸಹಿ ಹಾಕಬೇಕು ಎಂದು ಆದೇಶದಲ್ಲಿತ್ತು. ಅಲಿಯಾಗೆ ಅಂದು ಇಪ್ಪತ್ತೊಂಬತ್ತನೆಯ ದಿನ. ನಲವತ್ತು ತುಂಬುವ ತನಕ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಗಂಡ ಸೈಫ್ ಲಾರಿ ಹತ್ತಿ ನಾಗಪುರದ ಕಡೆ ಹೋಗಿದ್ದ. ಮಗು ಹುಟ್ಟಿದಾಗ ಎರಡು ಕೆಜಿಯೂ ಇರಲಿಲ್ಲವಂತೆ. ಈ ಹಣ ಬಂದರೆ ಅದರ ಔಷಧಿಗೆ ದಾರಿ.

ಮುರಳಿ ಆದೇಶವನ್ನು ಮೂರು ಸಲ ಓದಿದ. ಸಹಿ ಎಲ್ಲಿ ಹಾಕಬೇಕೆಂದು ಅದರಲ್ಲಿ ಇರಲಿಲ್ಲ. ಮೇಲಧಿಕಾರಿ ಭಗವಂತರಾಯರನ್ನು ಕೇಳಿದ್ದಕ್ಕೆ, ನಿನಗೆ ಕಾಲಿಲ್ಲವೇನಯ್ಯಾ ಎಂದು ತಲೆಯೆತ್ತದೆ ಅಂದರು. ಹೋಗು ಅಂದರೋ ಬೈದರೋ ತಿಳಿಯದೆ, ಮಾರನೆಯ ಬೆಳಿಗ್ಗೆ ಬದ್ರುನ್ನೀಸಾರ ಹಿಂದೆ ಅಲಿಯಾಳ ಗಲ್ಲಿಗೆ ನಡೆದ.

ಮನೆಯ ನಡುವೆ ದಪ್ಪ ಪರದೆ. ಅದರ ಅಡಿಯಿಂದ ಅರ್ಜಿ ಒಳಗೆ ಹೋಯಿತು, ಸಹಿಯಾಗಿ ಹೊರಗೆ ಬಂತು. 'ನನ್ನ ಎದುರಿಗೆ ಸಹಿ ಹಾಕಿರುತ್ತಾರೆ' ಎಂದು ಬರೆಯಲು ಹೋದವನ ಪೆನ್ನು ಅಲ್ಲೇ ನಿಂತಿತು. ಯಾರ ಎದುರಿಗೆ? ಅವನು ಕಂಡದ್ದು ನಾಲ್ಕು ಬೆರಳು. ಬರೆದರೆ ಸುಳ್ಳು, ಬರೆಯದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪರದೆ ಸರಿಸಿ ಎಂದು ಕೇಳುವುದು ಹೇಗೆ? ಬೆವರು ಒರೆಸಿಕೊಂಡ, ಕಾಗದ ತಿರುಗಿಸಿದ, ಮತ್ತೆ ಬೆವರು ಒರೆಸಿಕೊಂಡ.

ಬದ್ರುನ್ನೀಸಾ ಅವನನ್ನೇ ನೋಡುತ್ತಿದ್ದರು. ಏನೆಂದು ಕೇಳಿದರು. ತೊದಲುತ್ತಾ ಹೇಳಿದ.

ಒಳಗಿನಿಂದ ನಗು ಕೇಳಿಸಿತು. ಪರದೆ ತಾನೇ ಸರಿಯಿತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಹುಡುಗಿ, ತೊಡೆಯ ಮೇಲೆ ಕೂಸು.

"ಇದು ಮಗೂಗೆ ಗಾಳಿ ತಾಗ್ಬಾರ್ದು ಅಂತ ಕಟ್ಟಿರೋದು ಅಣ್ಣಾ. ನಾನು ಆಚೆ ಬರಂಗಿಲ್ಲ. ನೀವು ನೋಡಂಗಿಲ್ಲ ಅಂತ ಯಾರಂದ್ರು?"

ಮುರಳಿ ಆಧಾರ್‌ನ ಚಿತ್ರ ನೋಡಿದ, ಮುಖ ನೋಡಿದ. ಅಲಿಯಾ ಅವನ ಕಣ್ಣೆದುರು ಇನ್ನೊಮ್ಮೆ ಸಹಿ ಹಾಕಿದಳು. ಅರ್ಜಿ ಅಂದೇ ದಾಖಲಾಯಿತು. ಊರಿನಲ್ಲಿ ತನ್ನ ಅಕ್ಕನ ಬಾಣಂತನದ ಕೋಣೆಗೂ ಹೀಗೇ ಕಂಬಳಿ ಇಳಿಬಿಟ್ಟಿದ್ದರಲ್ಲ, ಅದು ತನಗೇಕೆ ಹೊಳೆಯಲಿಲ್ಲ ಎನ್ನುವುದು ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಬದ್ರುನ್ನೀಸಾ ಈಗ ಬೆಳಿಗ್ಗೆ ನಾಲ್ಕು ಮನೆಗಳ ಕೂಸುಗಳಿಗೆ ನೀರು ಹಾಕುತ್ತಾರೆ. ಸೋಮವಾರ ಕಚೇರಿಗೆ ಬಂದು, ಯಾವ ಮನೆಯ ಬಾಣಂತಿಗೆ ಎಷ್ಟನೆಯ ದಿನವೆಂದು ಮುರಳಿಗೆ ಹೇಳಿ ಹೋಗುತ್ತಾರೆ.