ಹದಿನೈದು ಹೆಜ್ಜೆ ಹಿಂದೆ ನಿಂತ ಸೊಸೆ

ನಾನು ನಮ್ಮ ಯಜಮಾನರಿಗಿಂತ ನಾಲ್ಕು ಬೆರಳು ಎತ್ತರ. ಇದನ್ನು ಮುಚ್ಚಿಡುವ ಕೆಲಸವನ್ನು ಅತ್ತೆಯವರು ಮದುವೆಯ ದಿನದಿಂದಲೇ ಕೈಗೆತ್ತಿಕೊಂಡಿದ್ದರು. ಮಗನ ತಲೆಗೆ ಪಟಕಾ ಎರಡು ಸುತ್ತು ಹೆಚ್ಚು. ಮನೆಗೆ ಮಂದಿ ಬಂದರೆ ನಾನು ರೊಟ್ಟಿ ಬಡಿಯಲು ಕೂರಬೇಕು. ಕೂತ ಸೊಸೆಯ ಎತ್ತರ ಯಾರಿಗೆ ಗೊತ್ತಾಗಬೇಕು? ಹುಕ್ಕೇರಿಗೆ ಬಂದ ಮೊದಲ ವರ್ಷ ಬಡಿದಷ್ಟು ರೊಟ್ಟಿಯನ್ನು ಆಮೇಲೆ ಜನ್ಮದಲ್ಲಿ ಬಡಿಯಲಿಲ್ಲ.

ಶ್ರಾವಣ ಹತ್ತಿರವಾದಂತೆ ತವರೂರು ಮೂಡಲಗಿಗೆ ಹೋಗಲು ನನ್ನ ಜೀವ ಹಾರುತ್ತಿತ್ತು. ಮದುವೆಯಾದ ಮೇಲೆ ಮೊದಲ ಪಂಚಮಿ; ಹೆಣ್ಣುಮಕ್ಕಳು ತವರಲ್ಲಿ ಇರಬೇಕಾದ ಹಬ್ಬ. ಆದರೆ ಅತ್ತೆಯವರ ಇಬ್ಬರು ಹೆಣ್ಣುಮಕ್ಕಳೂ ಅದೇ ಹಬ್ಬಕ್ಕೆ ಈ ಮನೆಗೆ ಬರುವವರಿದ್ದರು. ಅವರು ಜೋಕಾಲಿ ಆಡುವಾಗ ಉಂಡಿ ಕಟ್ಟುವ ಕೈ ಒಂದು ಬೇಕಲ್ಲ!

"ಮುಂದಿನ ವರ್ಷ ಹೋಗಾಕಿ ತಗೋ," ಎಂದುಬಿಟ್ಟರು.

ಸಂತೆಯ ದಿನ ಗೋಕಾಕದ ಫೋಟೋದವನೊಬ್ಬ ಮೂರು ಕಾಲಿನ ಕ್ಯಾಮೆರಾ ಹೊತ್ತು ನಮ್ಮ ಓಣಿಗೆ ಬಂದ. ಗಿರಾಕಿಗಳನ್ನು ಮರುಳು ಮಾಡಲು ಅವನ ಪೆಟ್ಟಿಗೆಯಲ್ಲಿ ಒಂದು ಚಿತ್ರವಿತ್ತು. ಮೀಸೆಯವನೊಬ್ಬ ಬಂಡೆಯ ಮೇಲೆ ನಿಂತು ನೀರಿನ ಚರಗಿ ಬಗ್ಗಿಸಿದ್ದಾನೆ. ಅದರ ಬಾಯಿಂದ ಗೋಕಾಕದ ಧಬಧಬೆ ಪೂರ್ತಿ ಧುಮ್ಮಿಕ್ಕುತ್ತಿದೆ! ಅತ್ತೆಯವರು ಅದನ್ನು ಬಹಳ ಹೊತ್ತು ನೋಡಿದರು.

"ಅಲ್ರಿ, ಧಬಧಬಿನ್ನ ಚರಗ್ಯಾಗ ಹಿಡಿಸೀರಿ. ನನ್ನ ಮಗನ್ನ ಒಂದು ಗೇಣು ಎತ್ತರ ಮಾಡಾಕ ಆಗೂದಿಲ್ಲೇನ್ರಿ?"

"ಆಗತೈತ್ರಿ ಅವ್ವಾರ. ಅವರು ಮುಂದ ನಿಂದರಲಿ, ಸೊಸಿ ನಾಕು ಹೆಜ್ಜಿ ಹಿಂದ. ದೂರ ನಿಂತವ್ರು ಕ್ಯಾಮೆರಾಕ್ಕ ಸಣ್ಣ ಕಾಣ್ತಾರ."

ಹಿತ್ತಲಿನಾಚೆಯ ಬಯಲಿನಲ್ಲಿ ಏರ್ಪಾಡಾಯಿತು. ಕ್ಯಾಮೆರಾ ನೆಲದ ಹತ್ತಿರಕ್ಕೆ ಇಳಿಯಿತು. ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯದಂತೆ ನಮ್ಮ ಪಾದಗಳಿಗೆ ಅಡ್ಡವಾಗಿ ಜೋಳದ ಕಣಿಕೆಯ ಸಿವುಡು ಬಂತು. ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತೆ. ಅತ್ತೆಯವರಿಗೆ ಸಮಾಧಾನವಿಲ್ಲ.

"ಇನ್ನೂ ಹಿಂದಕ್ಕ ಸರಿ."

"ಸಾಕ್ರಿ ಅವ್ವಾರ," ಎಂದ ಅವನು, ಕರಿ ಬಟ್ಟೆಯೊಳಗಿನಿಂದ.

"ಸರೀಲಿ ಬಿಡ್ರಿ!"

ಹದಿನೈದು ಹೆಜ್ಜೆಯಾಯಿತು. ಗಂಡನ ಪಕ್ಕದಲ್ಲಿ ನಿಂತು ತೆಗೆಸಿದ ನನ್ನ ಮೊದಲ ಫೋಟೋ ಇದು. ಯಜಮಾನರು ಏನೋ ಹೇಳಿ ನಕ್ಕರು, ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ.

ಮರುವಾರ ಫೋಟೋ ಕೈಗೆ ಬಂದಾಗ ಅತ್ತೆಯವರ ಮುಖ ಅರಳಿತು. ಮಗ ಪೈಲ್ವಾನನ ಹಾಗೆ ನಿಂತಿದ್ದಾರೆ. ಬಾಜೂಕ್ಕೆ, ಅವರ ಸೊಂಟಕ್ಕೂ ಬಾರದ ನಾನು. ಒಂದನ್ನು ಗೋಡೆಗೆ ಹಾಕಿಸಿದರು, ಇನ್ನೊಂದನ್ನು ಅಪ್ಪನಿಗೆ ಅಂಚೆಯಲ್ಲಿ ಕಳಿಸಿದರು. ಮಗಳು ಬರದಿದ್ದರೇನು, ಫೋಟೋನಾದರೂ ಬಂತಲ್ಲ ಎಂಬ ಔದಾರ್ಯ.

ಪಂಚಮಿಗೆ ಮೂರು ದಿನವಿರುವಾಗ ಬಾಗಿಲ ಮುಂದೆ ಅಪ್ಪನ ಬಂಡಿ ನಿಂತಿತು. ಕೈಕಾಲಿಗೆ ನೀರು ಕೊಟ್ಟರೂ ಮುಟ್ಟದೆ, ಅಂಗಿಯ ಒಳಗಿಂದ ಫೋಟೋ ತೆಗೆದ.

"ಅಕ್ಕಾರ, ನಾ ಕೊಟ್ಟಾಗ ನನ್ನ ಮಗಳು ಇಷ್ಟ ಇದ್ದಿದ್ದಿಲ್ರಿ. ಹೊಟ್ಟಿಗಿ ಏನ್ ಹಾಕಾಕತ್ತೀರಿ?"

ಸದ್ದು ಕೇಳಿ ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಇವರೂ ಬಂದು ನನ್ನ ಪಕ್ಕದಲ್ಲಿ ನಿಂತರು, ಬರಿದಲೆಯಲ್ಲಿ. ಅಪ್ಪ ನನ್ನನ್ನು ನೋಡಿದ, ಅಳಿಯನನ್ನು ನೋಡಿದ, ಫೋಟೋ ನೋಡಿದ. ಅವನ ಮೀಸೆ ಒಂದು ಸಲ ಅಲುಗಿತು. ಎಲ್ಲ ತಿಳಿದುಹೋಯಿತೆಂದು ನನಗೂ ತಿಳಿಯಿತು.

"ಭಾಳ ಸೊರಗ್ಯಾಳ್ರಿ," ಎಂದ, ಸಾವಕಾಶ.

ಅತ್ತೆಯವರು ಗೋಡೆಯ ಮೇಲಿನ ಫೋಟೋ ನೋಡಿದರು. ನಿಜ ಹೇಳಿದರೆ ಮಗನ ಎತ್ತರ ಬೀಗರ ಬಾಯಿಗೆ ಹೋಗುತ್ತದೆ. ಹೇಳದಿದ್ದರೆ ಸೊಸೆಗೆ ಕೂಳು ಹಾಕದ ಅತ್ತೆ ಎನಿಸಿಕೊಳ್ಳಬೇಕು. ಪಾಪ, ಅವರು ಮಗನ ಕಡೆಗೇ ನಿಂತರು.

"ಹೌದ್ರಿ ಬೀಗರ. ಈ ಊರ ನೀರು ಆಕಿಗಿ ಹಿಡಿಸಿಲ್ಲ. ಕರಕೊಂಡು ಹೋಗ್ರಿ, ನಾಕು ದಿನ ಚಲೋತಂಗ ಉಣ್ಣಲಿ."

ಇವರು ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದರು. ನಾನು ಸೀರೆ ಗಂಟು ಕಟ್ಟಿಕೊಂಡದ್ದು ಎಷ್ಟು ಬೇಗವೆಂದರೆ, ಒಲೆಯ ಮೇಲಿನ ರೊಟ್ಟಿ ಸೀದದ್ದೂ ಗೊತ್ತಾಗಲಿಲ್ಲ.

ಊರು ದಾಟಿದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಪ್ಪ ನಗಲಿಲ್ಲ.

"ಅಪ್ಪಾ, ನಾ ಸೊರಗೇನಂತ ಅಂಜಿ ಓಡಿ ಬಂದ್ಯೇನು?"

"ಅಂಜಿಕಿ ಆಗಿತ್ತು, ಖರೆ. ಆದ್ರ ಅಂಜಿಕಿ ಇರದಿದ್ರೂ ಬರ್ತಿದ್ನಿ." ಅಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಸಾಲಿಗಿ ಹೋಗೂವಾಗ ನೀ ಇಷ್ಟ ಇದ್ದಿ. ಅಂಚಿಯವ ತಂದು ಕೊಟ್ಟಾಗ ನೋಡ್ತೇನಿ, ಅದ ಸಣ್ಣ ಹುಡುಗಿ, ಮಂದಿ ಮನ್ಯಾಗ ನಿಂತಾಳ. ನನಗ ಕುಂದರಾಕ ಆಗಲಿಲ್ಲವಾ."

ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಅಪ್ಪ ಸುಮ್ಮಸುಮ್ಮನೆ ಅವಕ್ಕೆ ಬೈದ. ನಾನು ಮುಂದಕ್ಕೆ ಸರಿದು ಅವನ ಬೆನ್ನಿಗೆ ತಲೆ ಆನಿಸಿ ಕೂತೆ.