ತೆರೇಜಮ್ಮನ ತಂಬಿಗೆ

ಬೆಳಗಿನ ಹೊತ್ತು ತಂಬಿಗೆ ಹಿಡಿದು ಬಿರಬಿರನೆ ನಡೆಯುವವರನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೆರೇಜಮ್ಮನವರು ಬೆಳಗ್ಗೆ ಮಾತ್ರವಲ್ಲ, ಯಾವ ಹೊತ್ತಿನಲ್ಲೇ ಆಗಲಿ ತಂಬಿಗೆ ಇಲ್ಲದೆ ಬೀದಿಗೆ ಇಳಿದವರಲ್ಲ. ಪೂಜೆಗೆಂದು ಚರ್ಚಿಗೆ ಹೊರಟರೂ ಕೈಯಲ್ಲಿ ತಂಬಿಗೆ, ಸೊಪ್ಪು ತರಲು ಮಾರ್ಕೆಟ್ಟಿಗೆ ಹೋದರೂ ತಂಬಿಗೆ, ಮದುವೆಮನೆಯಲ್ಲಿ ಊಟಕ್ಕೆ ಕುಳಿತರೆ ಎಲೆಯ ಪಕ್ಕದಲ್ಲಿ ತಂಬಿಗೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ತಾಮ್ರದ್ದು. ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಕೆಂಪಗೆ ಹೊಳೆಯುತ್ತಿತ್ತು. ಬಾಯಿಗೆ ಬಿಳಿ ಬಟ್ಟೆ ಬಿಗಿದಿರುತ್ತಿತ್ತು. ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೆ ಹೊಸದಾಗಿ ಬಂದ ಜಟಕಾದವರು ಅವರನ್ನು ಕಂಡು ಮುಸಿಮುಸಿ ನಗುವರು. ಹಳಬರು ಮಾತ್ರ ಗಾಡಿ ನಿಲ್ಲಿಸಿ, "ಯಾರ ಮನೇಲಿ ಹೆರಿಗೆ ಅವ್ವಾ? ಅತ್ಕಳಿ, ಬುಟ್ಟು ಬತ್ತೀನಿ" ಅನ್ನುವರು.

ತೆರೇಜಮ್ಮ ಸೂಲಗಿತ್ತಿ. ಆ ತಂಬಿಗೆಯಲ್ಲಿದ್ದ ನೀರಿನ ಸಂಗತಿ ಹೇಳಬೇಕಾದರೆ ನಮ್ಮ ಕಥೋಲಿಕರ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಹುಟ್ಟಿದ ಮಗುವಿನ ಜೀವಕ್ಕೆ ಅಪಾಯವಿದ್ದರೆ ಸ್ವಾಮಿಗಳು, ಅಂದರೆ ಚರ್ಚಿನ ಪಾದ್ರಿಗಳು, ಬರುವವರೆಗೆ ಕಾಯುವಂತಿಲ್ಲ. ಹತ್ತಿರ ಇದ್ದವರು ಯಾರೇ ಆಗಲಿ, ಅದರ ತಲೆಯ ಮೇಲೆ ನೀರು ಹುಯ್ದು, ಒಂದು ಹೆಸರು ಹಿಡಿದು ಕರೆದು, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಟ್ಟುಬಿಡಬೇಕು. ಅದಿಲ್ಲದೆ ಸತ್ತ ಕೂಸು ಮೋಕ್ಷಕ್ಕೆ ಹೋಯಿತೆಂದು ಧೈರ್ಯವಾಗಿ ಹೇಳುವವರು ಆ ಕಾಲದಲ್ಲಿ ಇರಲಿಲ್ಲ. ಅಂಥ ಕೂಸುಗಳನ್ನು ನಮ್ಮ ಸಮಾಧಿ ಭೂಮಿಯ ಕಾಂಪೌಂಡಿನೊಳಗೆ ಹೂಳುತ್ತಲೂ ಇರಲಿಲ್ಲ. ಗೋಡೆಯ ಆಚೆ, ಕತ್ತಾಳೆ ಬೆಳೆದಿದ್ದ ಕಡೆ ಅವಕ್ಕೆ ಜಾಗ. ಹೀಗಾಗಿ ತೆರೇಜಮ್ಮನವರ ಜೊತೆಯಲ್ಲಿ ನೀರು ಸದಾ ಸಿದ್ಧವಾಗಿರುತ್ತಿತ್ತು.

ನನ್ನ ಹೆಸರು ಇನ್ನಾಸಪ್ಪ. ನಾನು ಹೆಂಗಸು. ಇದು ತೆರೇಜಮ್ಮನವರ ಕೆಲಸ.

ನಮ್ಮಪ್ಪ ಜಟಕಾಗಳಿಗೂ ಸಾರೋಟುಗಳಿಗೂ ಬಣ್ಣ ಬಳಿಯುತ್ತಿದ್ದವರು. ಅಮ್ಮನಿಗೆ ನಾನು ಚೊಚ್ಚಲು. ಹುಟ್ಟುವ ಮಗು ಗಂಡೇ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿ, ತೀರಿಹೋದ ತಾತನ ಹೆಸರು ಇನ್ನಾಸಪ್ಪನೆಂದೇ ಇಡುವುದೆಂದು ತಿಂಗಳುಗಟ್ಟಲೆ ಆಡಿಕೊಂಡಿದ್ದರು. ನಾನು ಹುಟ್ಟಿದಾಗ ಮೈ ನೀಲಿಯಾಗಿತ್ತಂತೆ, ಅಳು ಇಲ್ಲ, ಉಸಿರು ಇದೆಯೋ ಇಲ್ಲವೋ ಎನ್ನುವಂತಿತ್ತಂತೆ. ತೆರೇಜಮ್ಮ ತಂಬಿಗೆಯ ಬಟ್ಟೆಯನ್ನು ಹಲ್ಲಿನಿಂದ ಕಿತ್ತು, "ಇನ್ನಾಸಪ್ಪಾ" ಎಂದು ಕೂಗಿ, ಜ್ಞಾನಸ್ನಾನದ ಮಾತುಗಳನ್ನು ಹೇಳುತ್ತ ತಲೆಯ ಮೇಲೆ ತಣ್ಣೀರು ಹುಯ್ದರು. ನಾನು ಬೆಚ್ಚಿಬಿದ್ದು ಕಿರುಚಿದೆನಂತೆ. ಆಮೇಲೆ ಅಜ್ಜಿ ನನ್ನನ್ನು ಬಟ್ಟೆಯಲ್ಲಿ ಸುತ್ತಲು ಹೋಗಿ ನೋಡಿ, "ಅಯ್ಯೋ ತೆರೇಜಮ್ಮ, ಇನ್ನಾಸಪ್ಪ ಹೆಣ್ಣು ಕಣಮ್ಮ!" ಎಂದರಂತೆ.

"ಪ್ರಾಣ ನೋಡ್ಲಾ, ಇನ್ನೊಂದು ನೋಡ್ಲಾ?" ಎಂದು ತೆರೇಜಮ್ಮ ಅವರ ಮೇಲೇ ಹಾರಿಬಿದ್ದರಂತೆ.

ಅಪ್ಪನಿಗೆ ಅವಮಾನವಾಯಿತು. ನೇರ ಚರ್ಚಿಗೆ ಹೋಗಿ, ಇನ್ನೊಂದು ಸಲ ಜ್ಞಾನಸ್ನಾನ ಕೊಟ್ಟು ಬೇರೆ ಹೆಸರಿಡಿ ಎಂದು ಹಟ ಹಿಡಿದರು. ನಮ್ಮ ಸ್ವಾಮಿಗಳು ಫ್ರಾನ್ಸ್ ದೇಶದವರು, ಪುಸ್ತಕ ಓದಿ ಕನ್ನಡ ಕಲಿತವರು, ಆಳುಮಕ್ಕಳಿಗೂ ಬಹುವಚನ ಹಾಕುವರು. "ಈ ಸ್ನಾನವನ್ನು ಎರಡನೆಯ ಬಾರಿ ಕೊಡಲಾಗದು. ಒಮ್ಮೆ ಕೊಟ್ಟದ್ದನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಸರಿನ ಬಾಲವನ್ನು ಬೇಕಿದ್ದರೆ ನೀವು ತಿದ್ದಿಕೊಳ್ಳಿ" ಎಂದರು. ಅಪ್ಪ ಇನ್ನಾಸಮ್ಮ ಎಂದು ತಿದ್ದಿದರು. ಆದರೆ ತೆರೇಜಮ್ಮ ಸಾಯುವವರೆಗೂ ನನ್ನನ್ನು ಕರೆದದ್ದು ಇನ್ನಾಸಪ್ಪ ಎಂದೇ, ಮಾತಾಡಿಸಿದ್ದು "ಬಾರೋ, ಹೋಗೋ, ಕೇಳಿಲ್ಲಿ ಕಣೋ" ಎಂದೇ. ಶಾಲೆಯ ಹುಡುಗಿಯರು ಅಣಕಿಸಿದರೆಂದು ಒಮ್ಮೆ ಅತ್ತುಕೊಂಡು ಹೋಗಿದ್ದೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರ ಬದಿಗಿಟ್ಟು ನನ್ನ ಗಲ್ಲ ಹಿಡಿದೆತ್ತಿದರು.

"ದೇವರು ನಿನ್ನ ಕರೆಯೋವಾಗ ಇನ್ನಾಸಪ್ಪ ಅಂತಾನೇ ಕರೀತಾನೆ ಕಣೋ. ಆವಾಗ ನಾನಲ್ಲ ಅಂತ ಸುಮ್ನೆ ನಿಂತ್ಕೋಬೇಡ. ಓ ಅಂದ್ಬುಡು."

ಅಂದಿನಿಂದ ಆ ಹೆಸರಿನ ಬಗ್ಗೆ ನನಗೆ ನಾಚಿಕೆ ಹೋಗಿ ಜಂಬ ಬಂತು. ಈಗಲೂ ಇದೆ. ಮುಂದೆ ನಾನೇ ಶಾಲೆಯಲ್ಲಿ ಮೇಡಮ್ಮಾದಾಗ ಮಕ್ಕಳಿಗೆ ಮೊದಲ ದಿನವೇ ನನ್ನ ನಿಜವಾದ ಹೆಸರು ಹೇಳಿ, ನಗುವಷ್ಟು ಹೊತ್ತು ನಗಲು ಬಿಟ್ಟು, ಆಮೇಲೆ ಪಾಠ ಶುರು ಮಾಡುತ್ತಿದ್ದೆ.

ಕಥೋಲಿಕರ ಮನೆಗಷ್ಟೇ ಅಲ್ಲ, ಪಕ್ಕದ ಕೆಸರೆಯ ಒಕ್ಕಲಿಗರ ಮನೆಗಳಿಗೂ ತೆರೇಜಮ್ಮ ಹೆರಿಗೆಗೆ ಹೋಗುವರು. ಅಲ್ಲಿ ತಂಬಿಗೆಯ ನೀರು ಬಾಣಂತಿಯ ತುಟಿ ಒದ್ದೆ ಮಾಡುವುದಕ್ಕೆ ಮಾತ್ರ. "ಕೇಳ್ದೆ ಕೊಡೋದು ಕದ್ದಂಗೇ ಕಣೋ. ಅವರ ದೇವರನ್ನ ಅವರು ಕರ್ಕೊಳ್ಳಲಿ, ನಾನು ನನ್ನ ದೇವರನ್ನ ಬಾಯೊಳಗೇ ಕರ್ಕೋತೀನಿ" ಎನ್ನುತ್ತಿದ್ದರು. ಹೆರಿಗೆ ಕಷ್ಟವಾಗಿ ಮನೆಯವರೆಲ್ಲ ಕೈಚೆಲ್ಲಿ ಕುಳಿತಾಗ ಅವರು ಸೆರಗು ಬಿಗಿದು, "ಕೃಪೆ ಇದೆ ಬುಡಿ, ಬಿಸಿನೀರು ತನ್ನಿ" ಎನ್ನುವರು. ಅವರ ಬಾಯಲ್ಲಿ ಈ ಎರಡು ಮಾತು ಯಾವಾಗಲೂ ಒಟ್ಟಿಗೇ ಬರುತ್ತಿದ್ದವು.

ಇಷ್ಟು ಧೈರ್ಯದ ಹೆಂಗಸು ವರ್ಷಕ್ಕೊಮ್ಮೆ ಮಾತ್ರ ಬೇರೆಯವರಾಗಿಬಿಡುತ್ತಿದ್ದರು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ನಾವೆಲ್ಲ ಸಮಾಧಿಗೆ ಹೋಗಿ ನಮ್ಮ ನಮ್ಮ ಹಿರಿಯರ ಗುಂಡಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ತೆರೇಜಮ್ಮ ಗಂಡನ ಗುಂಡಿಗೊಂದು ಬತ್ತಿ ಹಚ್ಚಿ, ಇನ್ನೊಂದನ್ನು ಹಿಡಿದು ಹಿಂದಿನ ಗೋಡೆಯ ಹತ್ತಿರ ಹೋಗಿ, ಅದರ ತಲೆಯ ಮೇಲೆ ನಿಲ್ಲಿಸುವರು. ಗಾಳಿಗೆ ಆರಿದರೆ ಮತ್ತೆ ಹಚ್ಚುವರು. ಆಗ ಮಾತಿಲ್ಲ, ಗದರಿಕೆಯಿಲ್ಲ.

"ಅಜ್ಜೀ, ಗೋಡೆ ಮೇಲೆ ಯಾಕೆ?" ಎಂದು ಒಮ್ಮೆ ಕೇಳಿದೆ.

"ಆ ಕಡೆ ನನ್ನ ಮಗ ಇದ್ದಾನೆ ಕಣೋ."

"ಹೆಸರೇನು?"

"ಹೆಸರಿಡೋಕೆ ಪುರುಸೊತ್ತು ಕೊಡ್ಲಿಲ್ಲ ಅವನು."

ಮೈಸೂರಿಗೆ ಪ್ಲೇಗು ಬಂದು ಜನ ಮನೆಗಳಿಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡಿದ್ದಾಗ ಅವರಿಗೆ ಹೆರಿಗೆಯಾಯಿತು. ಗಂಡ ಜ್ವರದಲ್ಲಿ ಮಲಗಿದ್ದರು. ಗುಡಿಸಲಿನಲ್ಲಿ ನೀರು ಮುಗಿದಿತ್ತು, ತರಲು ಹೋದ ಪಕ್ಕದವಳು ಇನ್ನೂ ಬಂದಿರಲಿಲ್ಲ. ಮಗು ಸ್ವಲ್ಪ ಹೊತ್ತು ಉಸಿರಾಡಿತು. ನೀರು ಬರುವಷ್ಟರಲ್ಲಿ ನಿಲ್ಲಿಸಿತು. ಅದೇ ವಾರ ಗಂಡನೂ ಹೋದರು. ಗಂಡನನ್ನು ಗೋಡೆಯ ಒಳಗೆ, ಮಗನನ್ನು ಹೊರಗೆ ಹೂತು ಬಂದ ಹೆಂಗಸು ಒಬ್ಬ ಮುದುಕಿಯ ಹಿಂದೆ ತಿರುಗಿ ಸೂಲಗಿತ್ತಿಯ ಕೆಲಸ ಕಲಿತರು. ತಂಬಿಗೆ ಕೈಗೆ ಬಂದದ್ದು ಆಗಲೇ.

ಪ್ರತಿವರ್ಷ ಈಸ್ಟರ್ ಮುಗಿದ ಮೇಲೆ ಅವರು ಸ್ವಾಮಿಗಳ ಮುಂದೆ ನಿಂತು ಅದೊಂದೇ ಪ್ರಶ್ನೆ ಕೇಳುವರು. "ನನ್ನ ಮಗ ಎಲ್ಲಿದ್ದಾನೆ ಸ್ವಾಮೀ?"

"ಅದನ್ನು ದೇವರು ನಮಗೆ ತಿಳಿಸಿಲ್ಲ ತೆರೇಜಮ್ಮ" ಎನ್ನುವರು ಸ್ವಾಮಿಗಳು.

"ತನ್ನತ್ರ ಇಲ್ಲ ಅಂತಾನೂ ದೇವರು ಹೇಳಿಲ್ಲ ತಾನೆ?"

"ಹಾಗೆಂದೂ ಹೇಳಿಲ್ಲ."

"ಆಗ್ಲಿ ಬುಡಿ" ಎಂದು ತಂಬಿಗೆ ಎತ್ತಿಕೊಂಡು ಹೊರಡುವರು. ಮುಂದಿನ ವರ್ಷ ಮತ್ತೆ ಹಾಜರು.

ಗೋಡೆಯ ಮೇಲಿನ ಬತ್ತಿಯ ಬಗ್ಗೆ ಯಾರೋ ದೂರು ಹೇಳಿದರು, ಅದು ಕ್ರಮವಲ್ಲ ಎಂದು. ಸ್ವಾಮಿಗಳು ಹಬ್ಬದ ಸಂಜೆ ಅಲ್ಲಿಗೇ ಬಂದು, "ತೆರೇಜಮ್ಮ, ಗೋಡೆಯ ಆಚೆಯದು ಪವಿತ್ರ ಮಾಡಿದ ಭೂಮಿಯಲ್ಲ" ಎಂದರು. ನಾನು ಅವರ ಸೆರಗು ಹಿಡಿದು ನಿಂತಿದ್ದೆ.

"ಈ ಗೋಡೆ ಕಟ್ಟಿದ್ದು ಕೆಸರೆ ಮೇಸ್ತ್ರಿ ಸ್ವಾಮೀ" ಎಂದರು ತೆರೇಜಮ್ಮ. "ಅವನ ಮಕ್ಕಳನ್ನೆಲ್ಲ ನಾನೇ ಹೆರಿಗೆ ಮಾಡ್ಸಿದ್ದು, ಅವನು ನಂಗೆ ಚೆನ್ನಾಗಿ ಗೊತ್ತು. ದೇವರು ಕಟ್ಟಿದ್ದು ಅಂತ ಹೇಳಿದ್ರೆ ಈಗ್ಲೇ ಬತ್ತಿ ತೆಗೀತೀನಿ."

ಬತ್ತಿ ಗಾಳಿಗೆ ಒಲೆದಾಗ ಸ್ವಾಮಿಗಳು ತಮ್ಮ ಟೋಪಿಯನ್ನು ಅಡ್ಡ ಹಿಡಿದು ನಿಂತರು, ಅದು ನೆಟ್ಟಗಾದ ಮೇಲೆ ಹೋದರು. ಇಬ್ಬರ ಬಗ್ಗೆಯೂ ನನಗೆ ಅವತ್ತು ಬಹಳ ಹೆಮ್ಮೆಯೆನಿಸಿತು.

ಮದುವೆಯಾಗಿ ನನ್ನ ಮೊದಲ ಹೆರಿಗೆಯ ಹೊತ್ತಿಗೆ ತೆರೇಜಮ್ಮನಿಗೆ ಕಣ್ಣು ಮಂಜಾಗಿತ್ತು, ಬೇರೆಯವರ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರು. ನನ್ನ ಮನೆಗೆ ಮಾತ್ರ ಬಂದರು. ಎರಡು ದಿನದಿಂದ ಹೊಟ್ಟೆಯಲ್ಲಿ ಮಗು ಮಿಸುಕಿರಲಿಲ್ಲ. ಅವರು ಕೈಯಿಟ್ಟು ನೋಡಿದಾಗಲೇ ಅವರ ಮುಖದಿಂದ ನನಗೆ ಗೊತ್ತಾಯಿತು. ಹೆಣ್ಣುಮಗು. ಹುಟ್ಟುವ ಮೊದಲೇ ಉಸಿರು ನಿಂತಿತ್ತು.

"ನೀರು ಹಾಕು ಅಜ್ಜೀ" ಎಂದೆ.

"ಉಸಿರಿಲ್ಲದ ಕೂಸಿಗೆ ಹಾಕೋ ಹಂಗಿಲ್ಲ ಕಣೋ ಇನ್ನಾಸಪ್ಪ."

"ಉಸಿರಿತ್ತು ಅಂತ ಹೇಳೋಣ. ನೀನು ಹೇಳಿದ್ರೆ ಎಲ್ರೂ ನಂಬ್ತಾರೆ. ಒಂದು ಹೆಸರಿಟ್ಟು ಹಾಕ್ಬುಡು, ಅವಳನ್ನ ಗೋಡೆ ಆಚೆ ಹಾಕೋದು ಬೇಡ." ನಾನು ಅವರ ಕೈ ಹಿಡಿದು ಗೋಗರೆದೆ. ಅವರು ಹೂಂ ಅಂದಿದ್ದರೆ ಸಾಕಿತ್ತು, ಇಡೀ ಮೊಹಲ್ಲಾ ಒಪ್ಪಿಕೊಳ್ಳುತ್ತಿತ್ತು.

ಅವರು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ತಾವು ಇಷ್ಟು ವರ್ಷ ನಂಬಿದ್ದು ನಿಜವೋ ಸುಳ್ಳೋ ಎಂದು ಅವರನ್ನೇ ಕೇಳಿದ ಹಾಗಾಗಿತ್ತೇನೋ. ಆಮೇಲೆ ಹೇಳಿದರು:

"ಸುಳ್ಳು ಹೇಳಿ ದೇವರ ಕೈಗೆ ಮಗು ಕೊಡಬೇಕಾ? ನಿಜ ಹೇಳಿ ಕೊಟ್ರೂ ಇಸ್ಕೋತಾನೆ ಕಣೋ. ಕೃಪೆ ಈ ತಂಬಿಗೇಲಿ ಮಾತ್ರ ಇದ್ದಿದ್ರೆ, ಮಗನ್ನ ನೀರಿಲ್ದೆ ಕಳ್ಸಿದ ನಾನು ಇಷ್ಟು ವರ್ಷ ಬದುಕೋಕೆ ಆಗ್ತಿತ್ತಾ?"

ಬಟ್ಟೆ ಬಿಚ್ಚಿ, ಆ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಮಗುವಿನ ಹಣೆ, ಕಣ್ಣು, ಕಿವಿಯ ಹಿಂದೆ, ಬೆರಳಿನ ಸಂದು ಎಲ್ಲ ಒರೆಸಿದರು. ಜ್ಞಾನಸ್ನಾನದ ಮಾತು ಒಂದೂ ಹೇಳಲಿಲ್ಲ. "ಇದು ಬರೀ ಸ್ನಾನ. ಅಜ್ಜಿ ಮಾಡ್ಸೋ ಸ್ನಾನ" ಎಂದರು. ನನಗೆ ಅಂದು ಅವರ ಮೇಲೆ ಕೆಟ್ಟ ಕೋಪ ಬಂತು. ಆದರೂ ಆ ಮಾತನ್ನು ಹಿಡಿದುಕೊಂಡೇ ಎದ್ದು ಕುಳಿತೆ, ಶಾಲೆಗೆ ಹೋದೆ, ಇನ್ನೂ ಮೂರು ಮಕ್ಕಳನ್ನು ಹೆತ್ತೆ. ಸುಳ್ಳು ಹೇಳಿ ಸಮಾಧಾನ ಮಾಡಿದ್ದರೆ ಅದು ತಿಂಗಳೊಪ್ಪತ್ತಿನಲ್ಲಿ ಸವೆದುಹೋಗುತ್ತಿತ್ತು. ಆ ವರ್ಷದ ಹಬ್ಬದಲ್ಲಿ ಗೋಡೆಯ ಮೇಲೆ ನಾವಿಬ್ಬರೂ ಸೇರಿ ಒಂದೇ ಬತ್ತಿ ಹಚ್ಚಿದೆವು.

ಅವರನ್ನು ಕೊನೆಯ ಸಲ ನೋಡಿದ್ದು ಅವರ ಒಂಟಿ ಕೋಣೆಯಲ್ಲಿ. ಸ್ವಾಮಿಗಳು ಅವಸ್ಥೆ ಪೂಸಿ, ಅಂದರೆ ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿ, ಆಗತಾನೆ ಹೋಗಿದ್ದರು. ನನ್ನ ಹೆಜ್ಜೆ ಸಪ್ಪಳಕ್ಕೇ, "ಇನ್ನಾಸಪ್ಪನಾ?" ಎಂದರು.

"ಓ" ಎಂದೆ.

ತಂಬಿಗೆ ತಲೆದೆಸೆಯಲ್ಲಿತ್ತು. ಅಭ್ಯಾಸಬಲದಿಂದ ನಾನು ಅದನ್ನು ಎತ್ತಿ, ಹಳೆಯ ನೀರು ಚೆಲ್ಲಿ ಹೊಸದಾಗಿ ತುಂಬಿಸಿ ತರಲು ಎದ್ದೆ.

"ತುಂಬಿಸ್ಬೇಡ ಕಣೋ. ಇರೋದನ್ನ ದಾಸವಾಳದ ಬುಡಕ್ಕೆ ಹುಯ್ದು ಬೋರಲು ಹಾಕ್ಬುಡು."

"ಯಾಕಜ್ಜೀ?"

"ಇನ್ಯಾಕೆ? ನನ್ನ ಮಗನಿಗೆ ನೀರು ಹಾಕಿ ಅಲ್ಲಿ ಯಾರೋ ಆಗ್ಲೇ ದೊಡ್ಡವನ್ನ ಮಾಡಿರ್ತಾರೆ. ಹೋಗಿ ಹೆಸರು ಕೇಳ್ಕೋತೀನಿ."

ಹಿತ್ತಲಿಗೆ ಹೋಗಿ ಗಿಡದ ಬುಡಕ್ಕೆ ನೀರು ಹುಯ್ದೆ. ಆ ತಂಬಿಗೆ ಖಾಲಿಯಾಗಿಯೇ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಬರುವಷ್ಟರಲ್ಲಿ ಅವರು ನಿದ್ದೆಹೋಗಿದ್ದರು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು.

ಗುಂಡಿ ತೋಡುವವನು ಗಂಡನ ಪಕ್ಕದಲ್ಲೇ ಜಾಗ ನೋಡುತ್ತಿದ್ದ. ಕೋಲೂರಿಕೊಂಡು ಬಂದಿದ್ದ ಮುದಿ ಸ್ವಾಮಿಗಳು, "ಅಲ್ಲಿ ಬೇಡ" ಎಂದರು. ಹಿಂದಿನ ಗೋಡೆಯವರೆಗೆ ತಾವೇ ನಡೆದು ಹೋಗಿ, ಕೋಲಿನಿಂದ ನೆಲ ಮುಟ್ಟಿ ತೋರಿಸಿದರು. "ಇಲ್ಲಿ. ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ" ಎಂದರು.

ಸತ್ತವರ ಹಬ್ಬದಲ್ಲಿ ಈಗ ನಾನೊಬ್ಬಳೇ ಆ ಗೋಡೆಯ ಮೇಲೆ ಬತ್ತಿ ನಿಲ್ಲಿಸುತ್ತೇನೆ. ಬೆಳಕು ಈ ಕಡೆ ತೆರೇಜಮ್ಮನ ಮೇಲೂ ಬೀಳುತ್ತದೆ, ಆ ಕಡೆ ಅವರ ಮಗನ ಮೇಲೂ ನನ್ನ ಮಗಳ ಮೇಲೂ ಬೀಳುತ್ತದೆ. ಹೋದ ವರ್ಷ ಸಮಾಧಿ ನೋಡಿಕೊಳ್ಳುವ ಹೊಸಬರೊಬ್ಬರು ಬಂದು, "ಇಲ್ಲೆಲ್ಲ ಹಚ್ಚೋ ಹಾಗಿಲ್ಲಮ್ಮ, ಯಾರು ನೀವು?" ಎಂದು ಗದರಿದರು.

"ಇನ್ನಾಸಪ್ಪ" ಎಂದೆ. "ತೆರೇಜಮ್ಮನವರು ಇಟ್ಟ ಹೆಸರು."